ಹಂಚಿನ ಮನೆಗೆ ತಾರಸಿ: ತಪಾಸಣೆ ಯಾರಿಂದ, ಯಾವ ಹಂತದಲ್ಲಿ?

ಪೆರ್ಲದ ಮನೆಯವ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮ್ಮ ಅಜ್ಜನ ಕಾಲದ ಹಂಚಿನ ಮನೆಯಿದೆ. ಗೋಡೆಗಳು ಕೆಂಪುಕಲ್ಲಿನವು, ಕಟ್ಟಿದ್ದು ಮಣ್ಣಿನಲ್ಲಿ. ಜಗಲಿ, ಚಾವಡಿಗಳನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯ ಅಡುಗೆಮನೆ ಮತ್ತು ಉಗ್ರಾಣದ ಮಾಡನ್ನು ಇಳಿಸಿ ಕಾಂಕ್ರೀಟ್ ತಾರಸಿ ಹಾಕಿಸಬೇಕೆಂದೂ, ಅನುಕೂಲವಾದಾಗ ಅದರ ಮೇಲೆ ಎರಡು ಕೋಣೆ ಕಟ್ಟಿಸಬೇಕೆಂದೂ ಯೋಚಿಸಿದ್ದೇವೆ. ನಾನು ಮಂಗಳೂರಿನಲ್ಲಿ ಉದ್ಯೋಗದಲ್ಲಿರುವುದರಿಂದ ಭಾನುವಾರ ಮಾತ್ರ ಊರಿಗೆ ಬರಲು ಸಾಧ್ಯ. ಪಂಚಾಯತಿನವರು ಹೇಗೂ ಬಂದು ನೋಡುತ್ತಾರೆ, ಬೇರೆ ಇಂಜಿನಿಯರಿಗೆ ಹಣ ಕೊಡುವುದು ದಂಡ ಎಂಬುದು ಗುತ್ತಿಗೆದಾರರ ಅಭಿಪ್ರಾಯ. ಪಂಚಾಯತಿನ ತಪಾಸಣೆ ಸಾಕಾಗುವುದೇ? ಸಾಲದಿದ್ದರೆ ಯಾವ ಹಂತಗಳಲ್ಲಿ ಯಾರಿಂದ ನೋಡಿಸಬೇಕು?

ನಿವೃತ್ತ ಓವರ್ಸಿಯರ್, ಬದಿಯಡ್ಕ

ಮೊದಲಿಗೆ ಎರಡು ತಪಾಸಣೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಪಂಚಾಯತು ನೋಡುವುದು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳನ್ನು, ಅಂದರೆ ಕಟ್ಟಡವು ಮಂಜೂರಾದ ನಕ್ಷೆಯಂತೆ ಇದೆಯೇ, ರಸ್ತೆಯಿಂದ ಮತ್ತು ಗಡಿಯಿಂದ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ, ವಿಸ್ತೀರ್ಣ ಎಷ್ಟು ಎಂಬುದನ್ನು. ಬಾಗಿಲು ಕಿಟಕಿ ಬದಲಿಸುವುದಕ್ಕೆ, ಸಾರಣೆಗೆ, ಬಣ್ಣಕ್ಕೆ ಪರ್ಮಿಟ್ ಬೇಡ. ಆದರೆ ನೀವು ಹೇಳಿದ ಕೆಲಸಕ್ಕೆ ಬೇಕು. 2025ರ ಏಪ್ರಿಲಿನಿಂದ ಗ್ರಾಮ ಪಂಚಾಯತುಗಳಲ್ಲೂ ಅರ್ಜಿ ಕೆ-ಸ್ಮಾರ್ಟ್ ಎಂಬ ಸರಕಾರಿ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಹೋಗುತ್ತದೆ. ಕಾಮಗಾರಿ ಮುಗಿದ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಅಧಿಕಾರಿಗಳು ಬಂದಾಗ ಅವರ ಕಣ್ಣಿಗೆ ಬೀಳುವುದು ಸಾರಣೆಯಾದ ಗೋಡೆ ಮಾತ್ರ. ಒಳಗೆ ಎಷ್ಟು ಕಂಬಿ ಇದೆ, ಹೇಗೆ ಕಟ್ಟಿದ್ದಾರೆ ಎಂದು ಹೇಳುವುದು ಅವರ ಕೆಲಸವಲ್ಲ, ಆ ಹಂತದಲ್ಲಿ ಅದು ಸಾಧ್ಯವೂ ಅಲ್ಲ.

ಆದ್ದರಿಂದ ಗುತ್ತಿಗೆದಾರರಿಗೆ ಸಂಬಂಧವಿಲ್ಲದ, ನೀವೇ ಸಂಭಾವನೆ ಕೊಡುವ ಒಬ್ಬ ಇಂಜಿನಿಯರ್ ಬೇಕು. ಗುತ್ತಿಗೆದಾರರೇ ಕರೆತಂದವರಾದರೆ ಪ್ರಯೋಜನವಿಲ್ಲ. ನಿಮ್ಮ ಮನೆಯ ಮಟ್ಟಿಗೆ ಅವರ ಮೊದಲ ಭೇಟಿ ಮಾಡು ಇಳಿಸುವ ಮುನ್ನವೇ ಆಗಬೇಕು. 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಹಂಚಿನ ಮಾಡಿನ ಭಾರ ಅದರ ಅರ್ಧವೂ ಇಲ್ಲ. ಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆ ಈ ಹೊರೆಯನ್ನೂ, ನಾಳೆ ಬರುವ ಮಹಡಿಯನ್ನೂ ಹೊರಬಲ್ಲದೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಪಂಚಾಂಗದ, ಅಂದರೆ ಗೋಡೆಯ ಅಡಿಪಾಯದ, ಬದಿಯಲ್ಲಿ ಒಂದೆರಡು ಕಡೆ ಅಗೆದು, ತಳದ ಕಲ್ಲು ಎಷ್ಟು ಆಳಕ್ಕೆ ಇಳಿದಿದೆ, ಯಾವ ಮಣ್ಣಿನ ಮೇಲೆ ಕುಳಿತಿದೆ ಎಂದು ನೋಡಬೇಕು. ಹಲವು ಮನೆಗಳಲ್ಲಿ ಹಳೆಯ ಗೋಡೆಗೆ ಹೊರೆ ಕೊಡದೆ ಹೊಸ ಕಂಬಗಳನ್ನು ಎಬ್ಬಿಸಿ, ಸ್ಲ್ಯಾಬನ್ನು ಅವುಗಳ ಮೇಲೆ ಕೂರಿಸುವುದೇ ಕ್ಷೇಮ. ಹೊಸ ಕಲ್ಲು ತರಿಸುವುದಿದ್ದರೆ ಅದನ್ನೂ ಪರೀಕ್ಷಿಸಿರಿ. ಭಾರತೀಯ ಮಾನಕ 3620ರ ಪ್ರಕಾರ ಕೆಂಪುಕಲ್ಲಿನ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್‌ಗಿಂತ ಕಡಿಮೆ ಇರಬಾರದು. ಒಂದೇ ಪಣೆಯ (ಕಲ್ಲು ಕಡಿಯುವ ಗುಂಡಿಯ) ಕಲ್ಲಿನಲ್ಲಿಯೂ ಮೇಲಿನದು ಗಟ್ಟಿ, ಆಳದ್ದು ಮೆತ್ತಗೆ ಇರುವುದುಂಟು.

ಆಮೇಲೆ ಅತಿ ಮುಖ್ಯವಾದ ಭೇಟಿಯೆಂದರೆ ಕಂಬಿ ಕಟ್ಟಿ ಮುಗಿದು, ಕಾಂಕ್ರೀಟ್ ಬೀಳುವ ಮೊದಲಿನದು. ಕಂಬಿ ತಳಕ್ಕೆ ತಾಗದಂತೆ ಅಡಿಗೆ ಇಡುವ ಕವರ್ ಬ್ಲಾಕ್ ಇಟ್ಟಿದ್ದಾರೆಯೇ, ಬೀಮಿನ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ಅಂತರ ನಕ್ಷೆಯಂತಿದೆಯೇ, ವಯರಿಂಗಿನ ಪೈಪುಗಳು ಒಂದೇ ಕಡೆ ಗುಂಪಾಗಿ ಸ್ಲ್ಯಾಬನ್ನು ದುರ್ಬಲಗೊಳಿಸುತ್ತಿವೆಯೇ ಎಂದು ಆಗಲೇ ನೋಡಬೇಕು. ಸನ್‌ಶೇಡಿನ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹಾಕುವಾಗ ಜನ ಅದರ ಮೇಲೆಯೇ ಓಡಾಡಿ ತುಳಿದು ತಳಕ್ಕೆ ಕೂರಿಸುವುದು ನಮ್ಮಲ್ಲಿ ಸಾಮಾನ್ಯ. ಹಾಗಾಗಿ ಆ ದಿನವೂ ಇಂಜಿನಿಯರ್ ಸ್ಥಳದಲ್ಲಿರುವುದು ಒಳ್ಳೆಯದು.

ಕುಂಬಳೆ ಕಡಲಬದಿ

ಓವರ್ಸಿಯರರ ಮಾತನ್ನು ಒಪ್ಪುತ್ತೇನೆ, ಆದರೆ ಮೇಸ್ತ್ರಿಗಳನ್ನು ಇಷ್ಟು ಸಂಶಯದಿಂದ ನೋಡಬೇಕಾಗಿಲ್ಲ. ನಮ್ಮ ಹಿರಿಯರ ಮನೆಗಳು ಯಾವ ಇಂಜಿನಿಯರನ್ನೂ ಕಾಣದೆ ನಿಂತಿವೆ. ನಂಬಿಕಸ್ಥ ಮೇಸ್ತ್ರಿಯೊಬ್ಬ ಸಿಕ್ಕಿದರೆ ಅರ್ಧ ಚಿಂತೆ ಕಳೆದಂತೆ. ಇನ್ನೊಂದು ವಿಷಯ: ಬ್ಯಾಂಕ್ ಸಾಲವಿದ್ದರೆ ಅವರ ಕಡೆಯವರೂ ಕಂತು ಬಿಡುಗಡೆಗೆ ಮೊದಲು ಬರುತ್ತಾರೆ. ಅವರು ನೋಡುವುದು ಕೆಲಸ ಎಷ್ಟು ಮುಂದುವರಿದಿದೆ ಎಂಬುದನ್ನು. ಅದನ್ನು ಗುಣಮಟ್ಟದ ತಪಾಸಣೆಯೆಂದು ಎಣಿಸಬೇಡಿ.

ನಿವೃತ್ತ ಓವರ್ಸಿಯರ್, ಬದಿಯಡ್ಕ

ಕಲ್ಲು ಕಟ್ಟುವುದರಲ್ಲಿ ನಮ್ಮ ಮೇಸ್ತ್ರಿಗಳಿಗೆ ನಾನು ಪಾಠ ಹೇಳಲಾರೆ. ಆದರೆ ಹಿರಿಯರ ಮನೆಗಳಲ್ಲಿ ಕಂಬಿಯೂ ಇರಲಿಲ್ಲ, ತುಕ್ಕೂ ಇರಲಿಲ್ಲ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456ರಂತೆ ಒಳನಾಡಿನ ಸಾಧಾರಣ ಸ್ಲ್ಯಾಬಿನಲ್ಲಿ ತುಕ್ಕು ಹಿಡಿಯದಂತೆ ಕಂಬಿಯ ಹೊರಗೆ 20 ಮಿಲಿಮೀಟರ್ ಕಾಂಕ್ರೀಟ್ ಸಾಕು. ಸಮುದ್ರದ ಉಪ್ಪುಗಾಳಿಗೆ ನೇರವಾಗಿ ತೆರೆದಿರುವ ಭಾಗಗಳಿಗೆ ಅದು 45ರವರೆಗೂ ಬೇಕಾಗುತ್ತದೆ. ಪೆರ್ಲದಲ್ಲಿ ಕೆಲಸ ಕಲಿತ ಮೇಸ್ತ್ರಿ ಕುಂಬಳೆಯ ಕಡಲಬದಿಯಲ್ಲೂ ಅದೇ ಅಳತೆ ಹಿಡಿದರೆ ಸನ್‌ಶೇಡು ಬೇಗನೆ ಒಡೆಯುತ್ತದೆ. ಇದು ನಂಬಿಕೆಯ ಪ್ರಶ್ನೆಯಲ್ಲ.

ಮುಳ್ಳೇರಿಯ ವಾಚಕ

ಗುತ್ತಿಗೆಯ ಕರಾರಿನಲ್ಲಿಯೇ ಒಂದು ಷರತ್ತು ಬರೆಸಿಕೊಳ್ಳಿ: ಪಂಚಾಂಗ, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ), ಸ್ಲ್ಯಾಬಿನ ಕಂಬಿ, ಇವುಗಳನ್ನು ನಿಮ್ಮ ಇಂಜಿನಿಯರ್ ನೋಡಿ ಸಹಿ ಮಾಡಿದ ಮೇಲೆಯೇ ಮುಂದಿನ ಕಂತು. ಬಾಯಿಮಾತಿನಲ್ಲಿ ಹೇಳಿದರೆ ಶುಕ್ರವಾರ ಸಂಜೆ ಕಂಬಿ ಕಟ್ಟಿ ಶನಿವಾರ ಬೆಳಗ್ಗೆ ಮಿಕ್ಸರ್ ತಂದು ನಿಲ್ಲಿಸುತ್ತಾರೆ, ನೀವು ಭಾನುವಾರ ಬರುವಷ್ಟರಲ್ಲಿ ಎಲ್ಲವೂ ಮುಚ್ಚಿಹೋಗಿರುತ್ತದೆ. ಅಳತೆಪಟ್ಟಿ ಇಟ್ಟು ಫೋಟೊ ತೆಗೆಸಿಕೊಳ್ಳುವುದೂ ಉಪಯುಕ್ತ. ಮುಂದೆ ಗೋಡೆ ಕೊರೆಯುವಾಗ ಪೈಪು ಎಲ್ಲಿದೆ ಎಂದು ತಿಳಿಯುತ್ತದೆ.

ಪೆರ್ಲದ ಮನೆಯವ

ಎಲ್ಲರಿಗೂ ಕೃತಜ್ಞತೆಗಳು. ಪಂಚಾಂಗದ ಬದಿ ಅಗೆದು ನೋಡುವ ಕೆಲಸವನ್ನು ಮೊದಲು ಮಾಡಿಸುತ್ತೇನೆ. ಓವರ್ಸಿಯರರಲ್ಲಿ ಇನ್ನೊಂದು ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಮುಗಿಸುವ ಅವಸರದಲ್ಲಿ, ಒಂದು ವಾರ ಕಳೆದ ಕೂಡಲೇ ಸೆಂಟ್ರಿಂಗ್ (ಸ್ಲ್ಯಾಬಿನಡಿಯ ಹಲಗೆ, ಆಧಾರಗಳು) ಬಿಚ್ಚಬಹುದು ಎಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ?

ನಿವೃತ್ತ ಓವರ್ಸಿಯರ್, ಬದಿಯಡ್ಕ

ಸ್ಲ್ಯಾಬಿನ ಹರವು (ಗೋಡೆಯಿಂದ ಗೋಡೆಗೆ ಅಥವಾ ಬೀಮಿನಿಂದ ಬೀಮಿಗೆ ಇರುವ ದೂರ) 4.5 ಮೀಟರಿನೊಳಗಿದ್ದರೆ ಆಧಾರಗಳನ್ನು 7 ದಿನಕ್ಕೆ ತೆಗೆಯಲು ಅದೇ ಐಎಸ್ 456 ಮಾನಕವು ಒಪ್ಪುತ್ತದೆ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಬೀಮುಗಳಿಗೆ 6 ಮೀಟರಿನವರೆಗೆ 14 ದಿನ, ಮೇಲೆ 21. ಆದರೆ ಇವು ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ ಲೆಕ್ಕಗಳು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ, ಅಂದರೆ ಹಾರುಬೂದಿಯಂಥ ಪೊಜೊಲಾನ ಬೆರೆಸಿದ ಸಿಮೆಂಟು. ಅದು ನಿಧಾನವಾಗಿ ಬಲಗೊಳ್ಳುವುದರಿಂದ ಇನ್ನೂ ಕೆಲವು ದಿನ ಬಿಡುವುದು ಲೇಸು, ನೀರು ಹಾಕುವುದನ್ನೂ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಮುಂದುವರಿಸಬೇಕು. ಮೇ ತಿಂಗಳ ಕೊನೆಗೆ ಸ್ಲ್ಯಾಬ್ ಹಾಕಿ ಜೂನಿನ ಮಳೆಯನ್ನು ನಂಬುವ ಬದಲು, ಮಾರ್ಚಿನೊಳಗೆ ಪಂಚಾಂಗದ ಪರಿಶೀಲನೆ ಮುಗಿಯುವಂತೆ ನೋಡಿಕೊಳ್ಳಿ. ಅಷ್ಟರಲ್ಲಿ ಆಗದಿದ್ದರೆ ಹಂಚನ್ನು ಇಳಿಸಲೇಬೇಡಿ, ದೀಪಾವಳಿಯ ನಂತರ ಆರಂಭಿಸಿ.