ಸ್ಕೂಲಲ್ಲಿ ಟಿ.ಎ. (ಟೀಚರ್‌ಗೆ ಸಹಾಯಕರು) ತೆಗೆದರು, ಮಗ ಬಾಯೇ ಬಿಡುತ್ತಿಲ್ಲ. ಏನು ಮಾಡಲಿ?

ಹಾಸನದ_ಸೊಸೆ_ಕವೆಂಟ್ರಿ:
ಎಲ್ಲರಿಗೂ ನಮಸ್ಕಾರ. ನಾನು ನರ್ಸ್, ಜನವರಿಯಲ್ಲಿ ಕೇರ್ ವೀಸಾದಲ್ಲಿ ಇಂಗ್ಲೆಂಡಿಗೆ ಬಂದೆವು. ಮಗ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಸ್ಕೂಲಲ್ಲಿ ಇಯರ್ 1, ಅಂದರೆ 5-6 ವರ್ಷದವರ ಕ್ಲಾಸ್. ಮನೆಯಲ್ಲಿ ಪಟಪಟ ಮಾತಾಡುತ್ತಾನೆ, ಕ್ಲಾಸಲ್ಲಿ ತುಟಿ ಬಿಚ್ಚುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ ಟಿ.ಎ.ಯನ್ನು ಈಸ್ಟರ್ ರಜೆ ಆದ ಮೇಲೆ ತೆಗೆದರು, ದುಡ್ಡಿಲ್ಲವಂತೆ. ವಾರ್ಡಿನಲ್ಲಿ ಜೊತೆಗಿರುವವರು ಇ.ಎಚ್.ಸಿ.ಪಿ.ಗೆ (ಕಲಿಕೆಗೆ ಹೆಚ್ಚು ನೆರವು ಬೇಕಾದ ಮಕ್ಕಳಿಗೆ ಕೌನ್ಸಿಲ್ ಮಾಡಿಕೊಡುವ ಪ್ಲಾನ್) ಹಾಕು ಅನ್ನುತ್ತಾರೆ. ಹಾಕಿದರೆ ವೀಸಾಗೆ ತೊಂದರೆ ಆಗುತ್ತಾ? ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ?

ಲೆಸ್ಟರ್_ಮಾವ:
ಹೆದರಬೇಡ ತಂಗಿ. ನಾವು ಬಂದಾಗ ಇಂಥ ಮಕ್ಕಳಿಗೆ ಅಂತಲೇ ಬೇರೆ ಗ್ರಾಂಟ್ ಇತ್ತು, 1999ರಲ್ಲಿ ಶುರುವಾಗಿದ್ದು. ಒಬ್ಬರು ಟೀಚರ್ ಬಂದು ಮಗಳನ್ನು ಬೇರೆ ಕೂರಿಸಿ ಇಂಗ್ಲಿಷ್ ಕಲಿಸುತ್ತಿದ್ದರು. 2011ರಲ್ಲಿ ಅದನ್ನು ಸ್ಕೂಲಿನ ಒಟ್ಟು ದುಡ್ಡಿಗೆ ಸೇರಿಸಿಬಿಟ್ಟರು. ಈಗ ಬಾಯ್ಲರ್ ಕೆಟ್ಟರೆ ಅದಕ್ಕೂ ಅದೇ ದುಡ್ಡು. ಇರಲಿ, ನನ್ನ ಮಗಳು ಈಗ ಎನ್‌ಎಚ್‌ಎಸ್‌ನಲ್ಲಿ ಡಾಕ್ಟರ್. ಎಲ್ಲ ಸರಿಹೋಗುತ್ತೆ.

ಸ್ಲೌ_ಗೌಡ:
ಮಾವ, ನಿಮ್ಮ ಕಾಲ ಮುಗೀತು. ಫ್ರಾನ್ಸ್ ಕಡೆಯಿಂದ ದೋಣಿಯಲ್ಲಿ ಆಶ್ರಯ ಕೇಳಿ ಬಂದವರಿಗೆ ದುಡ್ಡು ಸುರಿದ ಮೇಲೆ ನಮ್ಮ ಮಕ್ಕಳಿಗೆ ಏನು ಉಳಿಯುತ್ತೆ? ಟ್ಯಾಕ್ಸ್ ಕಟ್ಟೋರು ನಾವು. ತಂಗಿ, ಸ್ಲೌಗೆ ಮನೆ ಬದಲಾಯಿಸಿ. ಗ್ರಾಮರ್ ಸ್ಕೂಲ್ ಇದೆ, ಪರೀಕ್ಷೆ ಪಾಸಾದವರಿಗೆ ಮಾತ್ರ ಸೀಟ್ ಕೊಡುವ ಸರ್ಕಾರಿ ಹೈಸ್ಕೂಲ್. ಇಯರ್ 3ಕ್ಕೇ 11 ಪ್ಲಸ್ (ಅದರ ಪ್ರವೇಶ ಪರೀಕ್ಷೆ) ಟ್ಯೂಷನ್ ಶುರು ಮಾಡಿ.

ಟೀಚರಮ್ಮ_ಲೀಡ್ಸ್:
ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ, ನಾನು ಪ್ರೈಮರಿಯಲ್ಲೇ ಇರುವವಳು. ಸ್ಕೂಲು, ಇ.ಎಚ್.ಸಿ.ಪಿ. ಎರಡೂ ಪಬ್ಲಿಕ್ ಫಂಡ್ (ನಿಮ್ಮಂಥ ವೀಸಾದವರು ತೆಗೆದುಕೊಳ್ಳಬಾರದ ಸರ್ಕಾರಿ ನೆರವು) ಲೆಕ್ಕಕ್ಕೆ ಬರುವುದಿಲ್ಲ, ವೀಸಾಗೆ ತೊಂದರೆ ಇಲ್ಲ. ಆದರೆ ಡಿ.ಎಲ್.ಎ. (ಅಂಗವೈಕಲ್ಯ ಇರುವ ಮಕ್ಕಳ ಭತ್ಯೆ) ಆ ಲೆಕ್ಕಕ್ಕೆ ಬರುತ್ತೆ, ಅದಕ್ಕೆ ಕೈ ಹಾಕಬೇಡಿ. ಇ.ಎಚ್.ಸಿ.ಪಿ.ಗೆ ನೀವೇ ಕೌನ್ಸಿಲ್ಲಿಗೆ ಬರೆಯಬಹುದು. ಮಗುವಿಗೆ ಏನು ನೆರವು ಬೇಕು ಅಂತ ಪರಿಶೀಲಿಸುತ್ತಾರೋ ಇಲ್ಲವೋ ಅಂತ 6 ವಾರದಲ್ಲಿ ಹೇಳಬೇಕು, ಪ್ಲಾನ್ 20 ವಾರದಲ್ಲಿ ಬರಬೇಕು ಅಂತ ನಿಯಮ. ತುಂಬಾ ಕೌನ್ಸಿಲ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಹಿಡಿಯುತ್ತೆ. ಆದರೆ ಮನೆಮಾತು ಬೇರೆ ಅನ್ನುವುದೊಂದೇ ಕಾರಣವಾದರೆ ಅದು ಕಲಿಕೆಯ ತೊಂದರೆ ಅಲ್ಲ, 2014ರ ಕಾಯ್ದೆಯಲ್ಲೇ ಹಾಗಿದೆ. ಹೊಸದಾಗಿ ಬಂದ ಮಕ್ಕಳು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುವುದು ಮಾಮೂಲು. ಮೊದಲು ಸ್ಕೂಲಿನ ಸೆನ್ಕೋ (ಹೆಚ್ಚು ನೆರವು ಬೇಕಾದ ಮಕ್ಕಳ ಹೊಣೆ ಹೊತ್ತ ಟೀಚರ್) ಹತ್ತಿರ ಮಾತಾಡಿ. ಮನೆಯಲ್ಲಿ ಅವನು ಮಾತಾಡುವ ವಿಡಿಯೋ ತೋರಿಸಿ.

ಇನ್ನೊಂದು ವಿಷಯ. ಸ್ಕೂಲಿಗೆ ದುಡ್ಡು ತಲೆ ಎಣಿಸಿ ಬರುತ್ತೆ, ಎಣಿಕೆ ಅಕ್ಟೋಬರಿನಲ್ಲಿ. ನಿಮ್ಮವನು ಸೇರಿದ್ದು ಜನವರಿಗೆ. ಬರುವ ಅಕ್ಟೋಬರಿನಲ್ಲಿ ಅವನನ್ನು ಎಣಿಸಿ, ಅದರ ಮುಂದಿನ ಏಪ್ರಿಲ್‌ನಿಂದ ಅವನ ಪಾಲು ಬರುತ್ತೆ. ಅಲ್ಲಿವರೆಗೆ ಇದ್ದ ಗಂಟಿನಲ್ಲೇ ಅವನಿಗೂ ಆಗಬೇಕು. ಇಂಗ್ಲಿಷ್ ಹೊಸದಾದ ಮಕ್ಕಳಿಗೆ ಅಂತ ಮೊದಲ 3 ವರ್ಷದವರೆಗೆ ಸ್ವಲ್ಪ ಹೆಚ್ಚು ದುಡ್ಡು ಬರುತ್ತೆ. ಅದನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ ಅಂತ ಹೆಡ್‌ಟೀಚರನ್ನು ಕೇಳಿ, ತಪ್ಪೇನಿಲ್ಲ. ಕನ್ನಡ ಮಾತ್ರ ನಿಲ್ಲಿಸಬೇಡಿ.

ಸ್ಲೌ_ಗೌಡ:
ಟೀಚರಮ್ಮ, ಇವೆಲ್ಲ ಕಾಗದದ ಮೇಲಿನ ಮಾತು. ಕ್ಲಾಸ್ ತುಂಬಾ ಹೊರಗಿನವರು, ಅದೇ ಸಮಸ್ಯೆ.

ಬೆಣ್ಣೆದೋಸೆ_ರೀಡಿಂಗ್:
ಗೌಡ್ರೇ, ನಾವೂ ಹೊರಗಿನವರೇ ಅಲ್ವಾ? ಸ್ಕೂಲ್ ದುಡ್ಡಿಗೆ ಕತ್ತರಿ ಬಿದ್ದಿದ್ದು 2010ರ ಸರ್ಕಾರ ಬಂದ ಮೇಲೆ. ದೋಣಿ ಜೋರಾಗಿದ್ದು 2018ರ ನಂತರ. ಐ.ಎಫ್.ಎಸ್. ಅನ್ನುವ ಸಂಶೋಧನಾ ಸಂಸ್ಥೆಯ ಲೆಕ್ಕ ನೋಡಿ: 2009-10ರಿಂದ 2019-20ಕ್ಕೆ ಇಂಗ್ಲೆಂಡಿನಲ್ಲಿ ಪ್ರತಿ ಮಗುವಿನ ಮೇಲಿನ ಖರ್ಚು, ಬೆಲೆಯೇರಿಕೆ ಕಳೆದು, ಸುಮಾರು 9% ಇಳಿಯಿತು. ಲಂಡನ್ನಿನ ಲ್ಯಾಂಬೆತ್, ಹ್ಯಾಕ್ನಿಯಲ್ಲಿ ಪ್ರೈಮರಿ ಸ್ಕೂಲ್ ಮುಚ್ಚುತ್ತಿರುವುದು ಮಕ್ಕಳು ಸಾಲದೆ. ತಲೆ ಕಡಿಮೆಯಾದರೆ ದುಡ್ಡೂ ಕಡಿಮೆ, ಆದರೆ 30 ಮಕ್ಕಳಿದ್ದರೂ 22 ಇದ್ದರೂ ಟೀಚರ್ ಸಂಬಳ ಒಂದೇ. ಹೊರಗಿನ ಮಕ್ಕಳು ಬಂದರೆ ಅಂಥ ಸ್ಕೂಲ್ ಉಳಿಯುತ್ತೆ.

ರಾಯಚೂರು_ಮಂದಿ:
ಊರಲ್ಲೂ ಇದೇ ಕಥೆರೀ. ನಮ್ಮ ಕಡೆಯವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದರೆ ಮಕ್ಕಳಿಗೆ ಟೆಂಟ್ ಶಾಲೆ. ಕೆಲಸ ಮುಗಿದು ಟೆಂಟ್ ಕಿತ್ತರೆ ಶಾಲೆ ಬಿಟ್ಟಂಗೆ.

ಸ್ಲೌ_ಗೌಡ:
ಅಂಕಿ ಅಂಶ ಊಟಕ್ಕೆ ಬರಲ್ಲ. ನನ್ನ ಮಗನಿಗೆ ಗ್ರಾಮರ್ ಸೀಟ್ ಸಿಕ್ಕಿತು. ಅಷ್ಟೇ.

ಹಾಸನದ_ಸೊಸೆ_ಕವೆಂಟ್ರಿ:
ಟೀಚರಮ್ಮ, ತುಂಬಾ ಥ್ಯಾಂಕ್ಸ್ ಅಕ್ಕ. ಸೋಮವಾರ ಸೆನ್ಕೋಗೆ ಫೋನ್ ಮಾಡುತ್ತೇನೆ. ನನ್ನ ಇಂಗ್ಲಿಷ್ ಸಾಲದಿದ್ದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಬಹುದಾ?

ಮೈಸೂರ್_ಪಾಕ್_ಹ್ಯಾರೋ:
ಗೌಡ್ರೇ, ಯಾವ ಟ್ಯೂಷನ್ ಸೆಂಟರ್? ಫೀಸ್ ಎಷ್ಟು? ನನ್ನ ಮಗಳು ಇಯರ್ 2.

ಲೆಸ್ಟರ್_ಮಾವ:
ನನಗೂ ಹೇಳಪ್ಪಾ, ಮೊಮ್ಮಗನಿಗೆ ಬೇಕು.