ಸಹಾಯ ಬೇಕು: ಕಾಲೇಜಿನ ಶತಮಾನೋತ್ಸವಕ್ಕೆ ಹಳೆಯ ಫೋಟೊಗಳು

ಎಲ್ಲರಿಗೂ ನಮಸ್ಕಾರ. ನಾವು ಓದಿದ ಸರ್ಕಾರಿ ಕಾಲೇಜಿಗೆ 100 ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಯ ಫೋಟೊ ಕೆಲಸ ನನ್ನ ಪಾಲಿಗೆ ಬಂದಿದೆ. ಗ್ರಂಥಾಲಯದ ಬೀರುವಿನಲ್ಲಿ ಸಿಕ್ಕ ಗ್ರೂಪ್ ಫೋಟೊ ಒಂದರ ತುದಿಯಲ್ಲಿ, ಗಂಟೆಯ ಸುತ್ತಿಗೆ ಹಿಡಿದ ಜವಾನರು ನಿಂತಿದ್ದಾರೆ. ಕೆಳಗೆ ಮೇಷ್ಟ್ರುಗಳೆಲ್ಲರ ಹೆಸರಿದೆ, ಅವರದ್ದಿಲ್ಲ. ಆ ಹೆಸರು ಸಂಚಿಕೆಯಲ್ಲಿ ಬರಲೇಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಇನ್ನೊಂದು ಕಷ್ಟ: ಕೆಲವು ಫೋಟೊ ಫ್ರೇಮಿನ ಗಾಜಿಗೇ ಅಂಟಿಕೊಂಡಿವೆ. ಎಳೆದರೆ ಚಿತ್ರದ ಪದರವೇ ಕಿತ್ತು ಬರಬಹುದೆಂದು ಮುಟ್ಟಿಲ್ಲ. ಗಾಜಿನ ಸಮೇತ, ಬೆಳಕು ಹೊಳೆಯದ ಹಾಗೆ ಕ್ಯಾಮೆರಾದಲ್ಲಿ ತೆಗೆಯುವುದು ಹೇಗೆ? ಬಿಡಿ ಫೋಟೊಗಳನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಹಳೆಯ ಫೋಟೊಗಳಿದ್ದರೆ ಹೇಳಿ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆಯಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.