ಹಳೆಯ ಸ್ವಿಫ್ಟ್ ಡೀಸೆಲ್: ಮುಂಚಕ್ರದ ಬಳಿ ಟಕಟಕ ಸದ್ದು, ಸಸ್ಪೆನ್ಷನ್‌ನಲ್ಲಿ ಯಾವುದನ್ನು ಮೊದಲು ಬದಲಿಸಬೇಕು?

ಪ್ರಶ್ನೆ: ಕೆಎ17 ಸ್ವಿಫ್ಟ್, ದಾವಣಗೆರೆ

ಮಾನ್ಯರೇ, ನನ್ನಲ್ಲಿ 2009ರ ಮಾರುತಿ ಸ್ವಿಫ್ಟ್ ಡೀಸೆಲ್ ಕಾರಿದೆ. ಹದಿನೈದು ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ಹಾಗಾಗಿ 2029ರವರೆಗೆ ಇದನ್ನೇ ಓಡಿಸುವ ಉದ್ದೇಶವಿದೆ. ಆದರೆ ಇಂದು ಮಾರಿದರೆ ಬರುವ ಬೆಲೆಯನ್ನು ನೆನೆದರೆ ಇದರ ಮೇಲೆ ಲೆಕ್ಕವಿಲ್ಲದೆ ಹಣ ಸುರಿಯಲು ಮನಸ್ಸು ಒಪ್ಪುತ್ತಿಲ್ಲ.

ಊರೊಳಗೆ ನಿಧಾನವಾಗಿ ಹೋಗುವಾಗ, ಅದರಲ್ಲೂ ಹಂಪ್ ಇಳಿಯುವಾಗ ಮತ್ತು ಸಣ್ಣ ಗುಂಡಿಗಳ ಮೇಲೆ, ಎಡ ಮುಂಚಕ್ರದ ಬಳಿ ಟಕಟಕ ಎಂಬ ಸದ್ದು ಬರುತ್ತದೆ. ಹೆದ್ದಾರಿಯಲ್ಲಿ ಭರಮಸಾಗರದ ಕಡೆಗೆ ಹೋಗುವಾಗ ವೇಗ 80 ದಾಟಿತೆಂದರೆ ಮುಂಭಾಗ ತೇಲಿದಂತಾಗುತ್ತದೆ, ಸೇತುವೆಯ ಜಾಯಿಂಟ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿದೇ ನಿಲ್ಲುತ್ತದೆ. ಎಡ ಮುಂಭಾಗದ ಟೈರ್ ಒಳ ಅಂಚಿನಲ್ಲಿ ಸವೆದಿದೆ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ತುಸು ಎಡಕ್ಕೆ ಎಳೆಯುತ್ತದೆ.

ಒಂದು ಗ್ಯಾರೇಜಿನಲ್ಲಿ ಎರಡು ಸ್ಟ್ರಟ್ (ಸ್ಪ್ರಿಂಗ್ ಹೊತ್ತಿರುವ ಮುಂದಿನ ಶಾಕ್ ಅಬ್ಸಾರ್ಬರ್), ಅದರ ನೆತ್ತಿಯ ಮೌಂಟ್, ಎರಡೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು), ಲಿಂಕ್ ರಾಡ್ (ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್‌ನ ಕೊಂಡಿ), ಟೈ ರಾಡ್ ಎಂಡ್ (ಸ್ಟೀರಿಂಗ್ ಕಂಬಿಯ ತುದಿಯ ಕೀಲು), ಹಿಂದಿನ ಎರಡು ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಸೇರಿಸಿ 31,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಕಾರನ್ನು ಜಾಕ್ ಮೇಲೆ ಏರಿಸಿ ನೋಡಲಿಲ್ಲ. ಇನ್ನೊಂದು ಕಡೆ ಹಳೆಯ ಸ್ಟ್ರಟ್‌ಗಳನ್ನೇ ರೀಕಂಡೀಶನ್ ಮಾಡಿಕೊಡುವುದಾಗಿ ಹೇಳುತ್ತಾರೆ. ನನ್ನ ಮಿತಿ 15,000 ರೂಪಾಯಿ. ವಾರಕ್ಕೊಮ್ಮೆ ಜಗಳೂರು ಕಡೆಯ ಹೊಲಕ್ಕೆ ಹೋಗಿ ಬರುವುದು ಬಿಟ್ಟರೆ ಓಡಾಟವೆಲ್ಲ ಊರೊಳಗೇ. ಯಾವುದನ್ನು ಈಗ ಮಾಡಿಸಬೇಕು, ಯಾವುದನ್ನು ಮುಂದೆ ಹಾಕಬಹುದು ಎಂದು ದಯವಿಟ್ಟು ತಿಳಿಸಿ.

ಉತ್ತರ: ದುರ್ಗದ ಗ್ಯಾರೇಜು, ಚಿತ್ರದುರ್ಗ

ಸರ್, ನೀವು ಬರೆದಿರುವುದು ಒಂದೇ ತೊಂದರೆಯಲ್ಲ, ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು. ಅವುಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದರಿಂದಲೇ ಎಸ್ಟಿಮೇಟ್ ಅಷ್ಟು ದೊಡ್ಡದಾಗಿದೆ.

ನಿಧಾನ ವೇಗದಲ್ಲಿ, ಸಣ್ಣ ಏರಿಳಿತದಲ್ಲಿ ಬರುವ ಟಕಟಕ ಸದ್ದು ಸಾಮಾನ್ಯವಾಗಿ ಲಿಂಕ್ ರಾಡ್‌ನದು, ಇಲ್ಲವೇ ಸ್ಟ್ರಟ್ ಮೇಲಿನ ಮೌಂಟ್‌ನದು. ಶಾಕ್ ಅಬ್ಸಾರ್ಬರ್ ಹೋದರೆ ಅದು ಹೆಚ್ಚಾಗಿ ಸದ್ದು ಮಾಡದೆಯೇ ಹೋಗುತ್ತದೆ. ಕಾರು ತೇಲುವುದು, ಒಮ್ಮೆ ಕುಣಿದರೆ ನಿಲ್ಲದಿರುವುದು ಅದರ ಗುರುತು. ಸದ್ದು ಮಾಡುವ ಭಾಗ ಬಹುಪಾಲು ಅಗ್ಗದ್ದಾಗಿದ್ದು, ಸದ್ದಿಲ್ಲದೆ ಕೆಡುವ ಭಾಗವೇ ದುಬಾರಿಯಾಗಿರುವುದರಿಂದ, ಸದ್ದಿನ ಬೆನ್ನು ಹತ್ತಿ ಸ್ಟ್ರಟ್ ಬದಲಿಸಿದವರು ಹಣ ಕೊಟ್ಟ ಮೇಲೂ ಅದೇ ಟಕಟಕವನ್ನು ಕೇಳುತ್ತಾ ಮನೆಗೆ ಹೋಗುತ್ತಾರೆ.

ಲಿಂಕ್ ರಾಡ್ ಪರೀಕ್ಷೆಗೆ ಖರ್ಚಿಲ್ಲ. ಎರಡೂ ಬದಿಯ ಲಿಂಕ್ ರಾಡ್‌ಗಳನ್ನು ಬಿಚ್ಚಿ, ಸ್ಟೆಬಿಲೈಸರ್ ಬಾರ್ ಎಲ್ಲೂ ತಗುಲದಂತೆ ಕಟ್ಟಿ, ಅದೇ ಹಂಪ್‌ಗಳ ಮೇಲೆ ತೀರಾ ನಿಧಾನವಾಗಿ ಒಂದು ಸುತ್ತು ಹಾಕಿರಿ. ಸದ್ದು ನಿಂತರೆ ಕಾರಣ ಸಿಕ್ಕಂತೆ. ಆ ಸ್ಥಿತಿಯಲ್ಲಿ ತಿರುವಿನಲ್ಲಿ ಕಾರು ಹೆಚ್ಚು ವಾಲುವುದರಿಂದ ಹೆದ್ದಾರಿಗೆ ಹೋಗಬಾರದು. ಮೌಂಟ್ ನೋಡಲು ಬಾನೆಟ್ ತೆರೆದು ಸ್ಟ್ರಟ್‌ನ ನೆತ್ತಿಯ ಮೇಲೆ ಕೈಯಿಟ್ಟು, ಇನ್ನೊಬ್ಬರಿಂದ ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಲು ಹೇಳಿ. ಸ್ಪ್ರಿಂಗ್ ತಿರುಚಿಕೊಂಡು ತಟ್ಟನೆ ಬಿಟ್ಟುಕೊಂಡಂತೆ ಕೈಗೆ ತಿಳಿದರೆ ಮೌಂಟ್‌ನ ಬೇರಿಂಗ್ ಸರಾಗವಾಗಿ ತಿರುಗದೆ ಬಿಗಿದುಕೊಂಡಿದೆ ಎಂದರ್ಥ.

ಬ್ರೇಕ್ ಹಿಡಿದಾಗ ಎಡಕ್ಕೆ ಎಳೆಯುವುದು ಮತ್ತು ಟೈರ್ ಒಳ ಅಂಚು ಸವೆಯುವುದು ಎರಡೂ ಒಟ್ಟಿಗಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಎಡ ಲೋವರ್ ಆರ್ಮ್‌ನ ಹಿಂದಿನ ದೊಡ್ಡ ಬುಷ್‌ನ (ರಬ್ಬರ್ ಕೀಲಿನ) ಕಡೆಗೆ. ಅದರ ರಬ್ಬರ್ ಹರಿದರೆ ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿದು ಅದರ ದಿಕ್ಕೇ ಬದಲಾಗುತ್ತದೆ, ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ನಿಲ್ಲುವುದಿಲ್ಲ. ಬ್ರೇಕ್ ಕ್ಯಾಲಿಪರ್‌ನ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗದ) ಪಿನ್ ಜಾರದೆ ಬಿಗಿದುಕೊಂಡಿದ್ದರೂ ಕಾರು ಒಂದು ಬದಿಗೆ ಎಳೆಯುತ್ತದೆ. ಅದನ್ನೂ ಅದೇ ಹೊತ್ತಿನಲ್ಲಿ ನೋಡಿಸಿ. ಕಾರನ್ನು ಎತ್ತಿ ಚಕ್ರ ನೇತಾಡುವಂತೆ ಮಾಡಿ, ಬುಷ್‌ನ ಪಕ್ಕ ಲಿವರ್ ಹಾಕಿ ಮೀಟಿದರೆ ಬಿರುಕು ಬಾಯಿ ಬಿಡುತ್ತದೆ. ಅಲ್ಲಿಯೇ ಆರ್ಮ್‌ನ ತುದಿಯಲ್ಲಿ ಚಕ್ರವನ್ನು ಹಿಡಿದಿರುವ ಗುಂಡು ಕೀಲನ್ನೂ, ಅಂದರೆ ಬಾಲ್ ಜಾಯಿಂಟನ್ನೂ ಮೀಟಿ ನೋಡಬೇಕು. ಬಾಲ್ ಜಾಯಿಂಟ್‌ನಲ್ಲಿ ಕಣ್ಣಿಗೆ ಕಾಣುವ ಆಟ, ಅಂದರೆ ಸಡಿಲಿಕೆ, ಇದ್ದರೆ ಬಜೆಟ್ಟಿನ ಮಾತೇ ಇಲ್ಲ, ಅಂದೇ ಬದಲಿಸಬೇಕು. ಅದು ಕಳಚಿಕೊಂಡರೆ ಚಕ್ರ ಮಡಚಿ ಬೀಳುತ್ತದೆ. ಚಕ್ರವನ್ನು ಎಡಬಲ ಅಲುಗಾಡಿಸಿದಾಗ ಆಟ ಸಿಕ್ಕರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್, ಮೇಲೆ ಕೆಳಗೆ ಅಲುಗಾಡಿಸಿದಾಗ ಸಿಕ್ಕರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್.

ರೀಕಂಡೀಶನ್ ಸ್ಟ್ರಟ್ ಬೇಡವೇ ಬೇಡ. ಕೊಳವೆಗೆ ತೂತು ಕೊರೆದು, ಸಿಕ್ಕ ಎಣ್ಣೆ ತುಂಬಿ, ವೆಲ್ಡಿಂಗ್ ಮಾಡಿ ಕಪ್ಪು ಬಣ್ಣ ಹೊಡೆದು ಕೊಡುವುದೇ ಹೆಚ್ಚು. ಒಳಗಿನ ವಾಲ್ವ್ ಮತ್ತು ಸೀಲ್ ಹಳೆಯದೇ ಉಳಿದಿರುತ್ತದೆ.

ಉತ್ತರ: ಬಿಡಿಭಾಗದ ಅಂಗಡಿ, ಹರಿಹರ

ಮೇಲಿನವರು ಹೇಳಿದ ಪರೀಕ್ಷೆಯನ್ನು ಮುಗಿಸಿಕೊಂಡೇ ಅಂಗಡಿಗೆ ಬನ್ನಿ. ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳನ್ನಷ್ಟೇ ನಾನು ಸೇರಿಸುತ್ತೇನೆ.

ಸ್ಟ್ರಟ್ ಕೇಳುವಾಗ ‘ಸ್ವಿಫ್ಟ್‌ನದು ಕೊಡಿ’ ಎಂದರೆ ಸಾಲದು. ಡೀಸೆಲ್ ಇಂಜಿನ್ ತೂಕ ಹೆಚ್ಚಾದ್ದರಿಂದ ಪೆಟ್ರೋಲ್ ಕಾರಿನ ಮುಂಭಾಗದ ಸ್ಪ್ರಿಂಗ್ ಮತ್ತು ಸ್ಟ್ರಟ್ ಇದಕ್ಕೆ ಹೊಂದುತ್ತದೆಂದು ನಂಬುವಂತಿಲ್ಲ; ಬೋಲ್ಟ್ ಕೂರುತ್ತದೆ ಎಂಬುದು ಹೊಂದಿಕೆಯ ಗುರುತಲ್ಲ. ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿ ನಂಬರ್ ಕೊಟ್ಟು ಕಂಪನಿಯ ಪಾರ್ಟ್ ನಂಬರ್ ಪಡೆದುಕೊಳ್ಳಿ, ಅದಕ್ಕೆ ಸರಿಹೊಂದುವ ಬೇರೆ ಬ್ರ್ಯಾಂಡಿನ ನಂಬರನ್ನು ಕ್ಯಾಟಲಾಗ್‌ನಲ್ಲಿ ಹುಡುಕಿಸಿ.

ಮಾರುತಿ ಜೆನ್ಯೂನ್ ಪಾರ್ಟ್ಸ್ ಡಬ್ಬಿಯೇ ಬೇಕೆಂಬ ಹಟ ಎಲ್ಲ ಭಾಗಕ್ಕೂ ಬೇಡ. ಗೇಬ್ರಿಯಲ್‌ನಂಥ ಕಂಪನಿಗಳು ಕಾರು ತಯಾರಕರಿಗೂ ಶಾಕ್ ಅಬ್ಸಾರ್ಬರ್ ಸರಬರಾಜು ಮಾಡುತ್ತವೆ, ಅದೇ ಹೆಸರಿನಲ್ಲಿ ಬಿಡಿಭಾಗದ ಮಾರುಕಟ್ಟೆಗೂ ಕೊಡುತ್ತವೆ. ಸ್ಟೀರಿಂಗ್ ಜಾಯಿಂಟ್‌ಗಳಲ್ಲಿ ರಾಣೆ ಕೂಡ ಹಾಗೆಯೇ. ಆದರೆ ಸ್ಟ್ರಟ್ ಮೌಂಟ್ ಮತ್ತು ಲೋವರ್ ಆರ್ಮ್‌ನ ಬುಷ್ ವಿಷಯದಲ್ಲಿ ನಾನು ಕಂಪನಿಯ ಮಾಲಿಗೇ ಒಲವು ತೋರುತ್ತೇನೆ, ಏಕೆಂದರೆ ಅಲ್ಲಿ ಬೆಲೆಯಿರುವುದು ರಬ್ಬರ್‌ನ ಗುಣಕ್ಕೆ, ಮತ್ತು ಕಳಪೆ ರಬ್ಬರ್ ಕೊಳ್ಳುವ ದಿನ ಒರಿಜಿನಲ್‌ನಷ್ಟೇ ಚೆಂದ ಕಾಣುತ್ತದೆ. ಹೆಸರಿಲ್ಲದ ಲೋಕಲ್ ಲಿಂಕ್ ರಾಡ್ ಬೇಕಾದರೆ ಹಾಕಿ ನೋಡಬಹುದು. ಕೆಟ್ಟರೆ ಸದ್ದು ಮಾಡಿ ಹೇಳುತ್ತದೆ. ಲೋಕಲ್ ಬಾಲ್ ಜಾಯಿಂಟ್ ಹಾಕಿಸಬೇಡಿ.

ಬಿಲ್ ಇಲ್ಲದೆ ಕೊಳ್ಳಬೇಡಿ, ಡಬ್ಬಿಯ ಮೇಲಿನ ತಯಾರಿಕೆಯ ತಿಂಗಳನ್ನು ನೋಡಿ; ರಬ್ಬರ್ ಶೆಲ್ಫ್ ಮೇಲಿದ್ದರೂ ಗಟ್ಟಿಯಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18 ಆಗಿದೆ, ಅದಕ್ಕೂ ಮೊದಲು ಅನೇಕ ಭಾಗಗಳಿಗೆ ಶೇ 28 ಇತ್ತು. ಹಳೆಯ ಸ್ಟಾಕ್‌ನ ಡಬ್ಬಿಯಲ್ಲಿ ಹಳೆಯ ಎಂಆರ್‌ಪಿಯೇ ಅಚ್ಚಾಗಿದ್ದರೆ ಇಳಿದ ದರವನ್ನು ಕೇಳಿ ಪಡೆಯಿರಿ.

ಉತ್ತರ: ಹೊಳಲ್ಕೆರೆ ಆಲ್ಟೊ

ಇಷ್ಟೆಲ್ಲ ಏಕೆ? ಸ್ಪ್ರಿಂಗ್ ಸುರುಳಿಗಳ ನಡುವೆ ಕೂರಿಸುವ ರಬ್ಬರ್ ಬಫರ್‌ಗಳು ಬರುತ್ತವೆ, ನಾನು ಹಾಕಿಸಿದ ಮೇಲೆ ಕಾರು ಎತ್ತರವಾಗಿದೆ, ಕುಣಿತವೂ ಕಡಿಮೆಯಾಗಿದೆ. ಗುಜರಿಯಲ್ಲಿ ಸ್ಟ್ರಟ್ ಜೋಡಿಯೂ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ.

ಉತ್ತರ: ದುರ್ಗದ ಗ್ಯಾರೇಜು, ಚಿತ್ರದುರ್ಗ

ಬಫರ್ ಹಾಕಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆಯೇ ಹೊರತು ಸತ್ತ ಶಾಕ್ ಅಬ್ಸಾರ್ಬರ್ ಬದುಕುವುದಿಲ್ಲ. ಬಿಗಿಯಾದ ಸ್ಪ್ರಿಂಗನ್ನು ಹಿಡಿದು ನಿಲ್ಲಿಸುವ ಕೆಲಸ ಅದೇ ಸೋತ ಶಾಕ್‌ನ ಮೇಲೆ ಇನ್ನಷ್ಟು ಬೀಳುತ್ತದೆ. ನಮ್ಮ ಭಾಗದಲ್ಲಿ ಶಾಕ್ ಸರಿಯಿರಲೇಬೇಕು ಎನ್ನಲು ಇನ್ನೊಂದು ಕಾರಣವೂ ಇದೆ. ಎರೆ ನೆಲದ ಮೇಲೆ ಹಾಕಿದ ರಸ್ತೆಗಳಲ್ಲಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಗುಂಡಿ ಇಲ್ಲದ ಕಡೆಯೂ ಡಾಂಬರು ಅಲೆ ಅಲೆಯಾಗಿ ಏಳುತ್ತದೆ. ಗುಂಡಿಯ ಪೆಟ್ಟನ್ನು ಬುಷ್ ಮತ್ತು ಟೈರ್ ಸ್ವಲ್ಪ ನುಂಗಿಕೊಳ್ಳಬಹುದು, ಆದರೆ ಉದ್ದನೆಯ ಅಲೆಯ ಮೇಲೆ ಕಾರಿನ ಮೈಯನ್ನು ಹಿಡಿದಿಡುವುದು ಶಾಕ್ ಅಬ್ಸಾರ್ಬರ್ ಒಂದೇ. ಪ್ರಶ್ನೆ ಕೇಳಿದವರು ಜಗಳೂರಿನ ಕಡೆಗೆ ಹೋಗುವವರು ಎಂಬುದನ್ನು ಗಮನಿಸಿ.

ಗುಜರಿಯಿಂದ ಸ್ಟೀರಿಂಗ್ ನಕಲ್ (ಚಕ್ರದ ಹಬ್ ಕೂರುವ ಭಾಗ) ಅಥವಾ ಕ್ರಾಸ್ ಮೆಂಬರ್‌ನಂಥ ಕಬ್ಬಿಣದ ಭಾಗಗಳನ್ನು ಬಾಗಿಲ್ಲವೆಂದು ನೋಡಿ ತರಬಹುದು. ರಬ್ಬರ್ ಇರುವುದನ್ನೂ ಎಣ್ಣೆ ಇರುವುದನ್ನೂ ತರಬಾರದು. ಅವನ್ನು ಹಳೆಯ ಕಾರಿನಿಂದ ಬಿಚ್ಚಿದ್ದು ಏಕೆಂದು ನಮಗೆ ತಿಳಿಯುವುದಿಲ್ಲ.

ಕೆಎ17 ಸ್ವಿಫ್ಟ್, ದಾವಣಗೆರೆ

ತಾವು ಹೇಳಿದಂತೆ ಬೇರೊಂದು ಗ್ಯಾರೇಜಿನಲ್ಲಿ ಕಾರನ್ನು ಎತ್ತಿಸಿ ನೋಡಿಸಿದೆ. ಎರಡೂ ಲಿಂಕ್ ರಾಡ್ ಬಿಚ್ಚಿದಾಗ ಟಕಟಕ ನಿಂತಿತು. ಎಡ ಲೋವರ್ ಆರ್ಮ್‌ನ ಹಿಂದಿನ ಬುಷ್ ಸುಮಾರು ಅರ್ಧ ಸುತ್ತು ಹರಿದಿದೆ, ಬಲಗಡೆಯದು ಚೆನ್ನಾಗಿದೆ. ಬಾಲ್ ಜಾಯಿಂಟ್ ಎರಡೂ ಬದಿಯಲ್ಲಿ ಬಿಗಿಯಾಗಿವೆ, ಟೈ ರಾಡ್ ಎಂಡ್‌ನಲ್ಲಿ ಆಟವಿಲ್ಲ, ಕ್ಯಾಲಿಪರ್ ಪಿನ್‌ಗಳು ಸರಾಗವಾಗಿ ಜಾರುತ್ತವೆ. ಎಡ ಸ್ಟ್ರಟ್‌ನ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದೆ, ಬಲದ್ದು ಒಣಗಿದೆ. ಹಾಗಿದ್ದರೆ ಎಡ ಸ್ಟ್ರಟ್ ಒಂದನ್ನೇ ಬದಲಿಸಬಹುದೇ? ಬುಷ್ ಮಾತ್ರ ಹಾಕಿಸಬೇಕೋ, ಇಡೀ ಆರ್ಮ್ ತರಬೇಕೋ?

ಉತ್ತರ: ದುರ್ಗದ ಗ್ಯಾರೇಜು, ಚಿತ್ರದುರ್ಗ

ಸ್ಟ್ರಟ್ ಜೋಡಿಯಾಗಿಯೇ ಬದಲಾಗಬೇಕು. ಒಂದು ಬದಿ ಹೊಸದಾಗಿ ಇನ್ನೊಂದು ಬದಿ ಹಳೆಯದಾಗಿದ್ದರೆ, ವೇಗದಲ್ಲಿ ಬ್ರೇಕ್ ಹಿಡಿದಾಗ ಎರಡು ಬದಿ ಎರಡು ಬಗೆಯಲ್ಲಿ ಕುಗ್ಗುತ್ತವೆ. ಎತ್ತು ಒಂದು, ಎಮ್ಮೆ ಒಂದು ಹೂಡಿದ ಗಾಡಿಯಾಗುತ್ತದೆ. ಒಂದರಲ್ಲಿ ಗ್ಯಾಸ್, ಇನ್ನೊಂದರಲ್ಲಿ ಬರೀ ಎಣ್ಣೆ ಎಂಬ ಬೆರಕೆಯೂ ಆಗಬಾರದು. ಸ್ಪ್ರಿಂಗ್ ಮುರಿದಿಲ್ಲ, ಎರಡೂ ಬದಿಯ ಎತ್ತರ ಸಮವಾಗಿದೆ ಎಂದಾದರೆ ಹಳೆಯದನ್ನೇ ಉಳಿಸಿಕೊಳ್ಳಿ. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಇವನ್ನು ಮಾತ್ರ ಈಗಲೇ ಹೊಸದಾಗಿ ಹಾಕಿಸಿ, ಏಕೆಂದರೆ ಮುಂದೆ ಅದಕ್ಕಾಗಿ ಮತ್ತೆ ಅಷ್ಟೂ ಬಿಚ್ಚುವ ಲೇಬರ್ ಕೊಡಬೇಕಾಗುತ್ತದೆ.

ಎಡಗಡೆ ಇಡೀ ಲೋವರ್ ಆರ್ಮ್ ತನ್ನಿ. ಬುಷ್ ಅಗ್ಗವೆನಿಸಿದರೂ ಅದನ್ನು ಪ್ರೆಸ್‌ನಲ್ಲಿ ಸರಿಯಾದ ಕೋನಕ್ಕೆ ಕೂರಿಸುವವರು ಹತ್ತಿರದಲ್ಲಿಲ್ಲದಿದ್ದರೆ ಸುತ್ತಿಗೆಯ ಕೆಲಸವಾಗಿಬಿಡುತ್ತದೆ, ಮೇಲಾಗಿ ಬಾಲ್ ಜಾಯಿಂಟ್ ಹದಿನೈದು ವರ್ಷ ಹಳೆಯದು. ಬಲ ಆರ್ಮ್, ಟೈ ರಾಡ್ ಎಂಡ್, ಹಿಂದಿನ ಶಾಕ್‌ಗಳು ಈಗ ಬೇಡ. ಈ ಕಾರಿನಲ್ಲಿ ಹಿಂದಿನ ಶಾಕ್ ಮತ್ತು ಸ್ಪ್ರಿಂಗ್ ಬೇರೆ ಬೇರೆ ಇರುವುದರಿಂದ ಆ ಕೆಲಸ ಸುಲಭ, ಮುಂದಿನ ವರ್ಷ ಮಾಡಿಸಿದರೂ ಲೇಬರ್‌ನಲ್ಲಿ ನಷ್ಟವಿಲ್ಲ.

ಕೆಲಸ ಮಾಡಿಸುವಾಗ ದಯವಿಟ್ಟು ಪಕ್ಕದಲ್ಲೇ ನಿಲ್ಲಿ. ಆರ್ಮ್‌ನ ಬೋಲ್ಟ್‌ಗಳನ್ನು ಕಾರು ಜಾಕ್ ಮೇಲಿರುವಾಗ ಕೈಬಿಗಿ ಮಾತ್ರ ಮಾಡಿ, ಚಕ್ರ ನೆಲಕ್ಕೆ ಇಳಿದು ಕಾರಿನ ತೂಕ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬಹುಬೇಗ ಹರಿಯುತ್ತದೆ, ಆಮೇಲೆ ಬೈಗುಳ ತಿನ್ನುವುದು ಬ್ರ್ಯಾಂಡು. ಸ್ಪ್ರಿಂಗ್ ಬಿಚ್ಚಲು ಕಂಪ್ರೆಸರ್ ಇಲ್ಲದೆ ಹಗ್ಗ ಕಟ್ಟುವವರ ಬಳಿ ನಿಲ್ಲಲೂ ಬೇಡಿ. ಸ್ಟ್ರಟ್‌ನ ಹೊಳೆಯುವ ರಾಡನ್ನು ಪ್ಲೈಯರ್‌ನಿಂದ ಹಿಡಿಯಬಾರದು; ಒಂದು ಗೀರು ಸಾಕು, ಸೀಲ್ ಹರಿದು ಎಣ್ಣೆ ಇಳಿಯುತ್ತದೆ. ಅಂಗಡಿಯಲ್ಲಿ ಅಡ್ಡ ಮಲಗಿದ್ದ ಸ್ಟ್ರಟನ್ನು ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಒತ್ತಿ ಎಳೆದರೆ ಒಳಗೆ ಸೇರಿದ ಗಾಳಿ ಮೇಲೇರುತ್ತದೆ.

ಕೊನೆಗೆ ವೀಲ್ ಅಲೈನ್‌ಮೆಂಟ್. ಸ್ಟ್ರಟ್ ಬಿಚ್ಚಿದ ಮೇಲೆ ಇದನ್ನು ಬಿಟ್ಟರೆ ಹೊಸ ಟೈರ್ ಕೂಡ ಉಳಿಯದು. ಮೊದಲಿನ ಮತ್ತು ನಂತರದ ಅಳತೆಗಳ ಚೀಟಿಯನ್ನು ಕೇಳಿ ಪಡೆಯಿರಿ.

ಕೆಎ17 ಸ್ವಿಫ್ಟ್, ದಾವಣಗೆರೆ

ಎರಡು ಸ್ಟ್ರಟ್, ಮೌಂಟ್ ಜೋಡಿ, ಲಿಂಕ್ ರಾಡ್ ಜೋಡಿ, ಎಡ ಲೋವರ್ ಆರ್ಮ್, ಲೇಬರ್ ಮತ್ತು ಅಲೈನ್‌ಮೆಂಟ್ ಸೇರಿ 14,000 ರೂಪಾಯಿಯೊಳಗೆ ಮುಗಿಯಿತು. ಬೋಲ್ಟ್‌ಗಳನ್ನು ನೆಲದ ಮೇಲೆಯೇ ಬಿಗಿಸಿದೆ. ಮೆಕ್ಯಾನಿಕ್‌ಗೆ ಮೊದಲು ಅಷ್ಟು ಇಷ್ಟವಿರಲಿಲ್ಲ, ಆಮೇಲೆ ಒಪ್ಪಿದರು. ತೇಲುವುದು, ಎಳೆಯುವುದು, ಟಕಟಕ ಮೂರೂ ಹೋಗಿವೆ. ಬೆಳಿಗ್ಗೆ ಮೊದಲ ಹಂಪ್‌ಗಳ ಮೇಲೆ ಮಾತ್ರ ಕಿರ್ ಎಂಬ ಸಣ್ಣ ಸದ್ದು ಬರುತ್ತದೆ, ಮಳೆ ಬಂದ ದಿನ ಇರುವುದಿಲ್ಲ.

ಉತ್ತರ: ದುರ್ಗದ ಗ್ಯಾರೇಜು, ಚಿತ್ರದುರ್ಗ

ನೆನೆದಾಗ ನಿಲ್ಲುವ ಸದ್ದು ಒಣ ರಬ್ಬರ್‌ನದು. ಸ್ಟೆಬಿಲೈಸರ್ ಬಾರ್ ಹಿಡಿದಿರುವ ಡಿ ಆಕಾರದ ಎರಡು ಬುಷ್‌ಗಳನ್ನು ಬಿಚ್ಚಿ, ಮಣ್ಣು ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿಸಿ. ಸವೆದು ಸಡಿಲವಾಗಿದ್ದರೆ ಜೋಡಿಯನ್ನೇ ಬದಲಿಸಿ, ಅದು ದೊಡ್ಡ ಖರ್ಚಲ್ಲ. ಸದ್ದು ನಿಲ್ಲಿಸಲು ಡೀಸೆಲ್ ಅಥವಾ ಹಳೆಯ ಇಂಜಿನ್ ಆಯಿಲ್ ಸುರಿಯುವ ರೂಢಿ ಕೆಲವೆಡೆ ಇದೆ, ಅದರಿಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹಾಗೆ ಮಾಡಲು ಬಿಡಬೇಡಿ. ಒಳ ಅಂಚು ಸವೆದ ಆ ಟೈರ್ ಇನ್ನೂ ಓಡಿಸಲು ಯೋಗ್ಯವೇ ಎಂದು ಟೈರ್ ಅಂಗಡಿಯಲ್ಲಿ ತೋರಿಸಿಕೊಂಡು, ಮುಂದಿನ ಎರಡು ಟೈರ್‌ಗಳ ಒಳ ಅಂಚನ್ನು ಕೈಯಿಂದ ಸವರಿ ಆಗಾಗ ನೋಡುತ್ತಿರಿ.